ಅರ್ಧ ಹಾಡಿನ ಗೇಣಿ

ಸುಗ್ಗಿ ಕುಣಿತದ ಗುಮಟೆ ಅನ್ನುವ ಮಣ್ಣಿನ ಚರ್ಮವಾದ್ಯದ ಸದ್ದನ್ನು ಪಿಟೀಲಿನಲ್ಲಿ ಹಿಡಿಯಲು ಮೂವತ್ತು ವರ್ಷದಿಂದ ಒದ್ದಾಡುತ್ತಿದ್ದೇನೆ, ಪಿಟೀಲು ಕಲಿತವರು ಅದನ್ನು ಹೊತ್ತು ಹಳ್ಳಿಗೆ ಹೋಗಿ ನುಡಿಸಬೇಕು ಅಂತ ಕಳೆದ ಸಂಚಿಕೆಯ ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಕಾಗದ ಬರುತ್ತವೆ ಅಂತ ಎಣಿಸಿರಲಿಲ್ಲ. ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ. ಭಟ್ಕಳದಿಂದ ಬಂದ ಪತ್ರವೊಂದರ ಕೈಬರಹ ಓದಲಾಗಲಿಲ್ಲ. ‘ಗೊಂಡರ ಢಕ್ಕೆ’ (ಆ ಕಡೆಯ ಗೊಂಡ ಜನರ ಚರ್ಮವಾದ್ಯ) ಅನ್ನುವ ಎರಡು ಶಬ್ದ ಮಾತ್ರ ಗೊತ್ತಾಯಿತು, ಅಷ್ಟಕ್ಕೇ ಆಸೆ ಹುಟ್ಟಿತು. ಬರೆದವರು ಇನ್ನೊಮ್ಮೆ ಬರೆಯಿರಿ ಮಾರಾಯ್ರೆ, ಸ್ವಲ್ಪ ದೊಡ್ಡ ಅಕ್ಷರದಲ್ಲಿ.

ಕಾರವಾರದಿಂದ ಒಬ್ಬ ವಿದ್ಯಾರ್ಥಿ: ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ಆರು ವರ್ಷ ಮಡಗಾಂವಿಗೆ ಹೋಗಿಬಂದು ಪಾಶ್ಚಾತ್ಯ ಪದ್ಧತಿಯ ವಯೊಲಿನ್ ಕಲಿತೆ. ತಾಜಿಕ್ ಜನರ ಧಾಟಿಯಿಂದ ಚೀನಾದ ಸಂಯೋಜಕರೊಬ್ಬರು ಮಾಡಿದ ವಯೊಲಿನ್ ಕೃತಿಯನ್ನು ಫೋನಿನಲ್ಲಿ ಕೇಳಿದ ಮೇಲೆ ಹುಚ್ಚು ಹಿಡಿದಿದೆ. ಹಾಗೆಯೇ ನಮ್ಮ ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಹಾಡುಗಳಿಂದ ನನ್ನದೇ ಒಂದು ಕೃತಿ ಕಟ್ಟಬೇಕು. ಯೂಟ್ಯೂಬಿನಿಂದ ಹನ್ನೆರಡು ಹಾಡು ಇಳಿಸಿಕೊಂಡಿದ್ದೇನೆ. ಇದನ್ನು ಮಾಡಬಹುದೇ? ಎಲ್ಲಿಂದ ಶುರು ಮಾಡಲಿ?

ನೀವು ಕೇಳಿದ್ದು ಚೆನ್ ಗಾಂಗ್ ಅವರ ಕೃತಿ ಇರಬೇಕು. ಶಾಂಘೈನವರು, 1976ರಲ್ಲಿ ಬರೆದದ್ದು. ಅದರ ಹೆಸರಿನಲ್ಲಿ ಬರುವ ತಾಷ್ಕುರ್ಗಾನ್ ಅನ್ನುವ ಊರು ಚೀನಾದ ಶಿಂಜಿಯಾಂಗಿನ ಪಶ್ಚಿಮದ ತುದಿ, ಪಾಮೀರ್ ಬೆಟ್ಟಗಳ ಮೇಲಿದೆ. ಹದ್ದಿನ ರೆಕ್ಕೆಯ ಎಲುಬಿನಿಂದ ಕೊಳಲು ಮಾಡಿ ಊದುವ ಜನ ಅಲ್ಲಿಯವರು. ಅದಕ್ಕೂ ಬಹಳ ಮೊದಲು, 1937ರಲ್ಲೇ, ಚೀನಾದ ಇನ್ನೊಬ್ಬ ಸಂಯೋಜಕ ಮಾ ಸಿಚೊಂಗ್ ಒಳ ಮಂಗೋಲಿಯಾ ಕಡೆಯ ಧಾಟಿಗಳನ್ನು ವಯೊಲಿನ್‌ಗೆ ತಂದಿದ್ದರು. ಚೆನ್ ಗಾಂಗ್ ಅವರ ಏಳು ಮಾತ್ರೆಯ ಓಟ ಕೂತವರನ್ನು ಎಬ್ಬಿಸುತ್ತದೆ, ನಿಜ. ಆದ್ದರಿಂದಲೇ ಹೇಳುತ್ತೇನೆ, ನಿಮ್ಮ ಮೊದಲ ಕರಡು ಏಳು ಮಾತ್ರೆಯಲ್ಲೇ ಬರುತ್ತದೆ. ಹಾಗೆ ಬಂದರೆ ನೀವು ಹಾಲಕ್ಕಿ ಹಾಡನ್ನು ಕೇಳಿಲ್ಲ, ತಾಷ್ಕುರ್ಗಾನನ್ನೇ ಇನ್ನೊಮ್ಮೆ ಕೇಳಿದ್ದೀರಿ ಅಂತ ಲೆಕ್ಕ. ಆ ಕಾಗದ ಹರಿದುಹಾಕಿ.

ಮಾಡಬಹುದೇ ಅಂತ ಕೇಳಿದಿರಿ. ನಾನು ಮಾಡಿ ಕೆಟ್ಟದ್ದನ್ನೇ ಹೇಳಿಬಿಡುತ್ತೇನೆ.

ಗಂಗಾವಳಿ ಹೊಳೆಯ ಬದಿಗೆ ನಮ್ಮ ಅಜ್ಜನ ಕಾಲದ ಗದ್ದೆ ಇತ್ತು. ಸಾಗುವಳಿ ಮಾಡುತ್ತಿದ್ದದ್ದು ಹಾಲಕ್ಕಿಗಳ ಒಂದು ಮನೆ. ಬೆಳೆದ ಭತ್ತದಲ್ಲಿ ಅರ್ಧ ನಮ್ಮ ಅಂಗಳಕ್ಕೆ ಗೇಣಿಯಾಗಿ ಬರುತ್ತಿತ್ತು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂತು, ಉಳುವವನೇ ಒಡೆಯನಾದ. ನಾನಾಗ ಹತ್ತು ವರ್ಷದವನು. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅನ್ನುವುದು ಬಿಟ್ಟರೆ ಬೇರೇನೂ ನೆನಪಿಲ್ಲ. ಮುಂದೆ ನಾನು ಧಾರವಾಡಕ್ಕೆ ಹೋಗಿ ಪಿಟೀಲು ಕಲಿತು ಬಂದೆ. 1996ರ ಆಷಾಢದಲ್ಲಿ ಟೇಪ್ ರೆಕಾರ್ಡರ್ ಹಿಡಿದು ಅದೇ ಮನೆಗೆ ಹೋದೆ. ನೆಟ್ಟಿ ಮುಗಿಸಿ ಬಂದ ಆ ಮನೆಯ ಅಜ್ಜಿ ಇನ್ನೂ ಮೂವರು ಹೆಂಗಸರನ್ನು ಕರೆದು ಜಗಲಿಯಲ್ಲಿ ಕೂರಿಸಿಕೊಂಡು ಹಾಡಿದರು. ಮಣಿಸರಗಳ ಭಾರದಲ್ಲಿ ಕುತ್ತಿಗೆ ನೆಟ್ಟಗೆ, ಕಣ್ಣು ಗದ್ದೆಯ ಕಡೆ. ನಾನು ಚಾಪೆಯ ಮೇಲೆ, ಅವರು ನೆಲದ ಮೇಲೆ. ಗದ್ದೆ ಅವರದಾಗಿ ಇಪ್ಪತ್ತೆರಡು ವರ್ಷವಾಗಿದ್ದರೂ ನನ್ನನ್ನು ‘ಒಡಿಯಾ’ ಅಂತಲೇ ಕರೆಯುತ್ತಿದ್ದರು. ಅದು ನನಗೆ ಆಗ ಕಿವಿಗೆ ಬೀಳಲಿಲ್ಲ. ಬೀಳಬೇಕಿತ್ತು.

ಆ ಹಾಡಿನಿಂದ ಏಳು ನಿಮಿಷದ ಒಂದು ಕೃತಿ ಕಟ್ಟಿದೆ. ಶಿರಸಿಯ ಒಂದು ಸಭೆಯಲ್ಲಿ ನುಡಿಸಿದೆ, ಶಾಲು ಹೊದಿಸಿದರು, ಆಮೇಲೆ ರೇಡಿಯೊದಲ್ಲೂ ಬಂತು. ಸಂಯೋಜನೆ ಅಂತ ನನ್ನ ಹೆಸರು ಹೇಳಿದರು. ಯಾವ ಊರು, ಯಾರ ಹಾಡು, ಒಂದೂ ಇಲ್ಲ. ನಾನು ಬರೆದುಕೊಟ್ಟಿದ್ದರೆ ತಾನೆ ಅವರು ಓದುವುದು. ಮುಂದಿನ ವರ್ಷ ಅದೇ ದಾರಿಯಲ್ಲಿ ಹೋಗುವಾಗ ಅಜ್ಜಿ ಅಡ್ಡ ಸಿಕ್ಕಿದರು. ರೇಡಿಯೊ ಕೇಳಿದ್ದರಂತೆ. ಸಿಟ್ಟೇನೂ ಇಲ್ಲ, ನಗುತ್ತಲೇ ಅಂದರು: “ಭತ್ತ ಅರ್ಧ ತಕಂಡ್ ಹೋಗ್ತಿದ್ರಿ. ಈಗ ಹಾಡೂ ಅರ್ಧನೇ ತಕಂಡ್ ಹೋದ್ರಲ್ಲ ಒಡಿಯಾ.”

ಚುಚ್ಚಿದರು ಅಂದುಕೊಂಡು ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಬಂದೆ. ರಾತ್ರಿ ಕ್ಯಾಸೆಟ್ ಹಾಕಿ ಕೇಳಿದಾಗ ಗೊತ್ತಾಯಿತು, ಅವರು ಲೆಕ್ಕವನ್ನೇ ಹೇಳಿದ್ದರು. ಆ ಹಾಡಿನಲ್ಲಿ ಇಬ್ಬರು ಮುಂದೆ ಹೇಳುತ್ತಾರೆ, ಇಬ್ಬರು ಹಿಂದೆ ಹೇಳುತ್ತಾರೆ. ನಾನು ಮುಂದೆ ಹೇಳಿದವರ ಸಾಲನ್ನು ಮಾತ್ರ ಎತ್ತಿಕೊಂಡು, ಹಿಂದಿನವರು ಅದನ್ನೇ ತಾನೆ ತಿರುಗಿ ಹೇಳುವುದು ಅಂತ ಬಿಟ್ಟುಬಿಟ್ಟಿದ್ದೆ. ನಿಜಕ್ಕೂ ಅರ್ಧ ಹಾಡು.

ಆ ಬಿಟ್ಟ ಅರ್ಧದಲ್ಲೇ ಎಲ್ಲ ಇತ್ತು. ಹಿಂದಿನ ಜೋಡಿ ಮುಂದಿನ ಜೋಡಿಯ ಸಾಲು ಮುಗಿಯುವತನಕ ಕಾಯುವುದಿಲ್ಲ. ಕೊನೆಯ ಅಕ್ಷರ ಇನ್ನೂ ಎಳೆಯುತ್ತಿರುವಾಗಲೇ ಅದರ ಹೆಗಲ ಮೇಲೆ ಕೈಯಿಟ್ಟ ಹಾಗೆ ಎದ್ದುಬಿಡುತ್ತದೆ. ಒಂದು ಗಳಿಗೆ ನಾಲ್ಕೂ ದನಿ ಒಟ್ಟಿಗಿರುತ್ತವೆ, ಆಮೇಲೆ ಮೊದಲಿನವರು ಸದ್ದಿಲ್ಲದೆ ಜಾರಿ ಉಸಿರು ತೆಗೆದುಕೊಳ್ಳುತ್ತಾರೆ. ಬಗ್ಗಿ ಸಸಿ ನೆಡುವವರಿಗೆ ಉಸಿರು ಬೇಕಲ್ಲ. ಹಾಡು ಎಲ್ಲೂ ತುಂಡಾಗುವುದಿಲ್ಲ, ಆದರೆ ಯಾರಿಗೂ ದಮ್ಮು ಕಟ್ಟುವುದಿಲ್ಲ. ನಾನು ಮಾಡಿದ್ದೇನು? ಒಂದೇ ಕಮಾನಿನಲ್ಲಿ ಚಂದವಾಗಿ, ಸಾಲಿನ ಕೊನೆಗೊಂದು ಪೂರ್ಣವಿರಾಮ ಇಟ್ಟು, ಕಣ್ಣು ಮುಚ್ಚಿ ನುಡಿಸಿದ್ದು.

ಆದ್ದರಿಂದ ನಿಮಗೆ ನನ್ನ ಮೊದಲ ಸಲಹೆ, ಒಂಟಿ ಪಿಟೀಲಿಗೆ ಬರೆಯಬೇಡಿ, ಎರಡಕ್ಕೆ ಬರೆಯಿರಿ. ಒಂದರ ಕಮಾನು ತುದಿ ಮುಟ್ಟುವ ಮೊದಲೇ ಇನ್ನೊಂದರ ಕಮಾನು ಬುಡದಿಂದ ಹೊರಡಲಿ. ಎರಡೂ ಕೂಡಿರುವ ಆ ಒಂದು ಗಳಿಗೆ ಎಷ್ಟು ಉದ್ದ ಅನ್ನುವುದನ್ನು ಎಣಿಸಿ ಬರೆಯಬೇಡಿ, ಇಬ್ಬರು ಎದುರುಬದುರು ಕೂತು ಕಣ್ಣಿನಲ್ಲೇ ತೀರ್ಮಾನಿಸಿ. ಜೊತೆಗಾರ ಸಿಗದಿದ್ದರೆ ಪಕ್ಕಪಕ್ಕದ ಎರಡು ತಂತಿಯ ಮೇಲೆ ಮಾಡಬಹುದು, ಆದರೆ ಅದು ಒಬ್ಬರೇ ಇಬ್ಬರ ಮಾತು ಆಡಿದ ಹಾಗೆ ಕೇಳುತ್ತದೆ. ನಾನು ಮಾಡಿ ನೋಡಿದ್ದೇನೆ.

ನಿಮ್ಮ ಮೇಷ್ಟರು ಕಲಿಸಿದ ವೈಬ್ರೆಟೊ, ಅಂದರೆ ಬೆರಳು ಅಲುಗಿಸಿ ದನಿ ನಡುಗಿಸುವುದನ್ನು, ತೆಗೆದು ಡಬ್ಬಿಯಲ್ಲಿಡಿ. ಗದ್ದೆಯಲ್ಲಿ ಹಾಡುವ ದನಿ ಗಂಟಲು ತೆರೆದ ನೇರ ದನಿ, ನಡುಗುವುದಿಲ್ಲ. ಎಲ್ಲಕ್ಕಿಂತ ತೆಳುವಾದ ಇ ತಂತಿಯ ಮೇಲೆ ಮೇಲಕ್ಕೇರಿ ಹೊಳೆಯುವ ಆಸೆಯೂ ಬೇಡ, ಕೆಳದನಿಯ ಡಿ ಮತ್ತು ಜಿ ತಂತಿಯಲ್ಲೇ ಇರಿ. ಕಮಾನನ್ನು ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ) ಹತ್ತಿರ ಒತ್ತಿ ಎಳೆಯಿರಿ. ಸ್ವಲ್ಪ ಒರಟಾದರೆ ಆಗಲಿ.

ಇಂಥದ್ದರಲ್ಲಿ ನನಗೆ ದಾರಿ ತೋರಿಸಿದವರು ಹಂಗೇರಿಯ ಸಂಯೋಜಕ ಬೇಲಾ ಬಾರ್ಟೋಕ್. 1904ರ ಬೇಸಿಗೆಯಲ್ಲಿ ಟ್ರಾನ್ಸಿಲ್ವೇನಿಯಾದ ಒಬ್ಬ ಆಳುಹೆಂಗಸು ಪಕ್ಕದ ಕೋಣೆಯಲ್ಲಿ ಮಗುವಿಗೆ ಹಾಡುತ್ತಿದ್ದದ್ದು ಅವರ ಕಿವಿಗೆ ಬಿತ್ತು. ಮುಂದೆ ಮೇಣದ ಸಿಲಿಂಡರಿನ ಫೋನೋಗ್ರಾಫ್ ಹೊತ್ತುಕೊಂಡು ಹಳ್ಳಿ ಹಳ್ಳಿ ತಿರುಗಿದರು. ಹಂಗೇರಿಯವರ ಹಾಡಷ್ಟೇ ಅಲ್ಲ, ರೊಮೇನಿಯನ್ನರದು, ಸ್ಲೊವಾಕರದು, 1913ರಲ್ಲಿ ಅಲ್ಜೀರಿಯಾದ ಅರಬರದೂ. ರೈತರ ಹಾಡನ್ನು ಬಳಸುವ ಮೂರು ದಾರಿ ಅವರು ಹೇಳಿದ್ದಾರೆ. ಧಾಟಿಯನ್ನು ಹಾಗೇ ಇಟ್ಟು ಸುತ್ತ ಚೌಕಟ್ಟು ಕಟ್ಟುವುದು ಒಂದು. ಅದೇ ಥರದ್ದನ್ನು ತಾನೇ ಹುಟ್ಟಿಸುವುದು ಇನ್ನೊಂದು. ಧಾಟಿಯೂ ಇಲ್ಲ, ಅನುಕರಣೆಯೂ ಇಲ್ಲ, ಆದರೆ ಆ ಸಂಗೀತದ ಗಾಳಿ ಇಡೀ ಕೃತಿಯಲ್ಲಿ ಆಡುತ್ತಿರುವುದು ಮೂರನೆಯದು, ಅದು ತಾಯಿಮಾತಾಗಿ ಬಂದಿದ್ದರೆ ಮಾತ್ರ ಸಾಧ್ಯ. ‘ನನ್ನದೇ ಒಂದು ಕೃತಿ’ ಅಂತ ನೀವು ಬರೆದಿದ್ದೀರಿ. ಅದು ಮೂರನೆಯ ದಾರಿ, ಹನ್ನೆರಡು ವಿಡಿಯೊದಿಂದ ಬರುವಂಥದ್ದಲ್ಲ. ಮೊದಲನೆಯದನ್ನು ಮಾಡಿ, ಅದರಲ್ಲಿ ಮರ್ಯಾದೆ ಕಡಿಮೆಯೇನಿಲ್ಲ.

ಕಾರವಾರದಿಂದ ಅಂಕೋಲಾ ಒಂದು ತಾಸಿನ ಬಸ್ಸು. ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಇದ್ದಿದ್ದರೆ ಅಲ್ಲಿಗೇ ಹೋಗಿ ಅನ್ನುತ್ತಿದ್ದೆ. 2017ರಲ್ಲಿ ಪದ್ಮಶ್ರೀ ಬಂದ ಮೇಲೂ ಹೋದವರಿಗೆಲ್ಲ ಹಾಡಿದ ಜೀವ, 2025ರ ಫೆಬ್ರವರಿಯಲ್ಲಿ ಹೋಗಿಬಿಟ್ಟಿತು. ಆದರೆ ಸುಕ್ರಜ್ಜಿ ಒಬ್ಬರೇ ಹಾಡುತ್ತಿದ್ದರು ಅಂತ ತಿಳಿಯಬೇಡಿ. ಹಾಲಕ್ಕಿ ಕೇರಿಗಳಲ್ಲಿ ಕೇಳಿ, ಸಿಗುತ್ತಾರೆ. ಮೊದಲ ಸಲ ಫೋನು ಜೇಬಿನಿಂದ ತೆಗೆಯಬೇಡಿ. ಎರಡನೆಯ ಸಲ ಒಂದೇ ಪ್ರಶ್ನೆ ಕೇಳಿ, ಈ ಹಾಡು ಯಾವಾಗ ಹೇಳುವುದು? ಮದುವೆಯಲ್ಲಿ ಹೆಣ್ಣು ಕಳಿಸುವಾಗಿನ ಹಾಡನ್ನು ಎತ್ತಿಕೊಂಡು ನಿಮ್ಮ ಕಾಲೇಜು ಡೇಗೆ ಕುಣಿಯುವ ಹಾಗೆ ಮಾಡಿಬಿಟ್ಟೀರಿ. ಮೂರನೆಯ ಸಲ ಪಿಟೀಲು ಒಯ್ದು ಅವರೆದುರೇ ನುಡಿಸಿ. ಅವರು ನಕ್ಕರೆ ಎಲ್ಲಿ ನಕ್ಕರು ಅಂತ ಗುರುತು ಹಾಕಿಕೊಳ್ಳಿ.

ಶಿರಸಿಯಿಂದ ಒಬ್ಬರು ಸಂಗೀತ ವಿದ್ಯಾರ್ಥಿನಿ: ಹಿಂದುಸ್ತಾನಿ ವಯೊಲಿನ್ ಕಲಿಯುತ್ತಿದ್ದೇನೆ. ಜಾನಪದ ಧಾಟಿಯಿಂದ ಗತ್ (ವಾದ್ಯಕ್ಕೆ ಕಟ್ಟಿದ ರಚನೆ) ಮಾಡುವಾಗ ಮೊದಲು ಅದು ಯಾವ ರಾಗ ಅಂತ ಗುರುತಿಸಿ, ಅಪಸ್ವರ ತೆಗೆದು ಶುದ್ಧ ಮಾಡಿಕೊಳ್ಳಬೇಕು ಅನ್ನುತ್ತಾರೆ ನಮ್ಮ ಗುರುಗಳು. ಸರಿಯೇ? ಧಾಟಿಯನ್ನು ಬರೆದುಕೊಳ್ಳುವುದು ಹೇಗೆ?

ಗುರುಗಳ ಮಾತಿಗೆ ಎದುರಾಡು ಅಂತ ನಿಮಗೆ ಹೇಳಲಾರೆ, ಅವರ ಕೋಣೆಯಲ್ಲಿ ಅವರು ಹೇಳಿದ ಹಾಗೇ ಮಾಡಿ. ಹೊರಗೆ ಬಂದ ಮೇಲೆ ಇದನ್ನು ಓದಿ.

ನಾನು ಮೇಲೆ ಹೇಳಿದ ಆ ಹಾಡನ್ನು ಭೂಪಾಲಿ ಅಂತ ತೀರ್ಮಾನಿಸಿದ್ದೆ. ಐದು ಸ್ವರ, ಮಧ್ಯಮ ಇಲ್ಲ, ನಿಷಾದ ಇಲ್ಲ, ಇನ್ನೇನು? ಬಹಳ ವರ್ಷದ ನಂತರ, ಫೋನಿನಲ್ಲಿ ಸ್ವರ ಅಳೆಯುವ ಟ್ಯೂನರ್ ಬಂದ ಮೇಲೆ, ಹಳೆಯ ಕ್ಯಾಸೆಟ್ ಹಚ್ಚಿ ಗಾಂಧಾರ ಅಳೆದೆ. ಷಡ್ಜದಿಂದ ಶುದ್ಧ ಗಾಂಧಾರ 386 ಸೆಂಟ್ (ಒಂದು ಸ್ಥಾಯಿಗೆ 1200 ಸೆಂಟ್) ಮೇಲಿರುತ್ತದೆ, ಕೋಮಲ ಗಾಂಧಾರ 316. ಅಜ್ಜಿಯದು ಎರಡರ ನಡುವೆ, 350ರ ಆಸುಪಾಸು. ಹಾಡು ಕಾವೇರಿದ ಹಾಗೆ ಕೂದಲೆಳೆಯಷ್ಟು ಮೇಲಕ್ಕೆ. ತಪ್ಪಿ ಬಿದ್ದದ್ದು ಅನ್ನೋಣವೆಂದರೆ ನಾಲ್ವರೂ ಪ್ರತಿ ಸಲ ಅಲ್ಲಿಯೇ ಬಂದು ಕೂರುತ್ತಾರೆ. ಹೀಗೆ ನಾಲ್ವರು ಒಟ್ಟಿಗೆ ಕೂತ ಜಾಗಕ್ಕೆ ಅಪಸ್ವರ ಅನ್ನುವುದಾದರೆ ನಮ್ಮ ತಂಬೂರಿಯನ್ನೂ ಒಮ್ಮೆ ಅನುಮಾನಿಸಬೇಕಾಗುತ್ತದೆ. ನಾನು ಅದನ್ನು ಮೇಲಕ್ಕೆತ್ತಿ ‘ಶುದ್ಧ’ ಮಾಡಿದಾಗ ಹಾಡು ಶಾಲೆಯ ಪ್ರಾರ್ಥನೆಯ ಹಾಗಾಗಿತ್ತು.

ಹಾರ್ಮೋನಿಯಂಗೆ ಆ ನಡುವಿನ ಗಾಂಧಾರ ಸಿಗುವುದಿಲ್ಲ, ಪಟ್ಟಿ ಇಲ್ಲ. ನಿಮ್ಮ ಕೈಯಲ್ಲಿರುವ ವಾದ್ಯದಲ್ಲಿ ಮೆಟ್ಟಿಲೇ ಇಲ್ಲ, ಬೆರಳು ಎಲ್ಲಿ ಬೇಕಾದರೂ ನಿಲ್ಲುತ್ತದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಇನ್ನೂರು ವರ್ಷದ ಹಿಂದೆ ಈ ಪರದೇಶದ ಪೆಟ್ಟಿಗೆಯನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದಾಗ ಅದು ಒಗ್ಗಿದ್ದು ಆ ಗುಣದಿಂದ. ಗಮಕಕ್ಕೆ ಬಗ್ಗಿದ್ದು ಅಜ್ಜಿಯ ಗಾಂಧಾರಕ್ಕೂ ಬಗ್ಗುತ್ತದೆ.

ಬರೆದುಕೊಳ್ಳುವುದು ಹೇಗೆ ಅಂತಲೂ ನೀವು ಕೊನೆಯಲ್ಲಿ ಕೇಳಿದ್ದೀರಿ. ಗ ಅಂತಲೇ ಬರೆದು ಮೇಲೊಂದು ಬಾಣ ಹಾಕಿ, ಇಳಿಯುವುದಾದರೆ ಕೆಳಮುಖ, ಏರುವುದಾದರೆ ಮೇಲ್ಮುಖ. ಬಾರ್ಟೋಕ್ ಕೂಡ ತನ್ನ ಸ್ವರಲಿಪಿಯಲ್ಲಿ ಬಾಣವನ್ನೇ ಹಾಕುತ್ತಿದ್ದರು. ಆದರೆ ಆ ಕಾಗದ ನೆನಪಿಗೆ ಮಾತ್ರ. ಹಾಡು ಬಾಯಿಗೆ ಬರುವತನಕ ಪಿಟೀಲು ಮುಟ್ಟಬೇಡಿ. ಹಾಡಲು ನಾಚಿಕೆಯಾದರೆ ಪಾತ್ರೆ ತೊಳೆಯುವಾಗ ಹಾಡಿ.

ಯಲ್ಲಾಪುರ ತಾಲೂಕಿನಿಂದ ಒಬ್ಬ ಓದುಗ: ನಾನು ಸಿದ್ದಿ. ಹಿಂದಿನ ವರ್ಷ ದೂರದ ಊರಿನ ತಂಡವೊಂದು ಬಂದು ನಮ್ಮ ಡಮಾಮಿ ಚರ್ಮವಾದ್ಯದ ಕುಣಿತವನ್ನು ಎರಡು ದಿನ ರೆಕಾರ್ಡ್ ಮಾಡಿತು. ಊಟ ಹಾಕಿಸಿದರು, ತಲೆಗೆ ಐನೂರು ಕೊಟ್ಟರು. ‘ಸಂಶೋಧನೆಗೆ’ ಅಂದಿದ್ದರು. ಈಗ ಅದರ ಮೇಲೆ ಪಿಟೀಲು ಕೂರಿಸಿ ಹಾಡು ಬಿಟ್ಟಿದ್ದಾರೆ. ನಮ್ಮ ಹೆಸರಿನ ಜಾಗದಲ್ಲಿ ‘ಆಫ್ರಿಕನ್ ಬೀಟ್ಸ್’ ಅಂತಿದೆ. ನಾವೇನು ಮಾಡಬಹುದು? ಇನ್ನೊಂದು, ನನಗೇ ಪಿಟೀಲು ಕಲಿಯುವ ಆಸೆ. ವಯಸ್ಸು 24. ತಡವಾಯಿತೇ?

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಆ ಹಾಲಕ್ಕಿ ಅಜ್ಜಿ ನಗುತ್ತ ಹೇಳಿದ್ದನ್ನೇ ನೀವು ನಗದೆ ಹೇಳಿದ್ದೀರಿ.

ಮೊದಲು ಕಾನೂನು. ನಾನು ವಕೀಲನಲ್ಲ, ಆದರೆ ಸುಟ್ಟುಕೊಂಡವನು ಆದ್ದರಿಂದ ಓದಿಕೊಂಡಿದ್ದೇನೆ. ಕರ್ತೃ ಯಾರೆಂದು ಹೇಳಲಾಗದ ಹಳೆಯ ಹಾಡಿಗೆ, ತಾಳಕ್ಕೆ ಹಕ್ಕುಸ್ವಾಮ್ಯ ಇಲ್ಲ, ಯಾರು ಬೇಕಾದರೂ ಬಳಸಬಹುದು. ಅದರ ಮೇಲೆ ಪಿಟೀಲು ಹಾಕಿದವನ ಹೊಸ ಹೊಂದಿಕೆಗೆ ಮಾತ್ರ ಹಕ್ಕು ಬರುತ್ತದೆ. ಅನ್ಯಾಯ ಅನ್ನಿಸುತ್ತದೆಯೇ? ನನಗೂ ಅನ್ನಿಸುತ್ತದೆ. ಆದರೆ ಆ ದಿನ ಡಮಾಮಿ ಬಾರಿಸಿದ ಕೈಗೆ, ಹಾಡಿದ ಗಂಟಲಿಗೆ ಬೇರೆಯೇ ಹಕ್ಕಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 38ನೇ ಕಲಮು ಅದನ್ನು ಪ್ರದರ್ಶಕರ ಹಕ್ಕು ಅನ್ನುತ್ತದೆ, ಐವತ್ತು ವರ್ಷ ಇರುತ್ತದೆ. ಒಂದು ಉದ್ದೇಶಕ್ಕೆ ಒಪ್ಪಿ ಕೊಟ್ಟದ್ದನ್ನು ಇನ್ನೊಂದಕ್ಕೆ ಬಳಸಿದರೆ ಪ್ರಶ್ನಿಸಬಹುದು. 2012ರ ತಿದ್ದುಪಡಿಯಿಂದ ವ್ಯಾಪಾರಕ್ಕೆ ಬಳಸಿದರೆ ರಾಯಧನ ಕೇಳುವ ಹಕ್ಕೂ, ಪ್ರದರ್ಶಕನೆಂದು ಹೆಸರು ಹಾಕಿಸಿಕೊಳ್ಳುವ ಹಕ್ಕೂ ಸೇರಿದೆ. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದೀರಲ್ಲ, ಹಾಗಾಗಿ ನಿಮಗೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ, ಅಲ್ಲಿಗೆ ಹೋಗಿ. (ಹಾಲಕ್ಕಿಗಳು ಆ ಪಟ್ಟಿಗಾಗಿ ಇನ್ನೂ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ, ಅದು ಬೇರೆ ಕಥೆ.) ಹೋಗುವಾಗ ಐನೂರು ಕೊಟ್ಟ ದಿನದ ವಾಟ್ಸಾಪ್ ಸಂದೇಶ, ಫೋಟೊ ಇದ್ದರೆ ಅಳಿಸದೆ ಇಟ್ಟುಕೊಳ್ಳಿ.

ಮುಂದಿನ ಸಲ ಯಾರಾದರೂ ಬಂದರೆ ಒಂದು ಹಾಳೆ ಸಾಕು. ಯಾರು ಬಾರಿಸಿದರು, ಯಾವ ಊರು, ಯಾವುದಕ್ಕೆ ಬಳಸುತ್ತಾರೆ, ದುಡ್ಡು ಬಂದರೆ ಎಷ್ಟು ಪಾಲು, ಕೆಳಗೆ ಎರಡೂ ಕಡೆಯವರ ಸಹಿ. ಸಹಿ ಹಾಕಲು ಮುಖ ಹುಳ್ಳಗೆ ಮಾಡಿದವರಿಗೆ ಚಹಾ ಕುಡಿಸಿ ಕಳಿಸಿ.

‘ಆಫ್ರಿಕನ್ ಬೀಟ್ಸ್’ ಅನ್ನುವ ಹೆಸರು ಓದಿ ನನಗೆ ನಗು ಬಂತು, ಆಮೇಲೆ ಕಹಿಯಾಯಿತು. ಪೋರ್ಚುಗೀಸರು ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ತಂದ ನಿಮ್ಮ ಹಿರಿಯರು ಗೋವೆಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದರು. ಕೊಂಕಣಿ ಆಡಿದರು, ಕನ್ನಡ ಆಡಿದರು, ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಆದರು. ಅಷ್ಟು ತಲೆಮಾರು ಯಲ್ಲಾಪುರದ ಮಳೆಯಲ್ಲಿ ನೆನೆದ ಚರ್ಮದ ಸದ್ದು ಯಲ್ಲಾಪುರದ್ದೇ. ಆಫ್ರಿಕಾದ ನೆನಪು ಅದರಲ್ಲಿದ್ದರೆ ಅದನ್ನು ಹೇಳಬೇಕಾದವರು ನೀವು, ಹಾಡು ಮಾರುವವರಲ್ಲ.

24 ತಡವಲ್ಲ. ಚಿಕ್ಕ ಮಕ್ಕಳ ಬೆರಳಿಗಿಂತ ಬೇಗ ಬಗ್ಗಲಿಕ್ಕಿಲ್ಲ, ಆದರೆ ನಿಮ್ಮ ಬಲಗೈಯಲ್ಲಿ ಈಗಾಗಲೇ ತಾಳ ಇದೆ. ಪಿಟೀಲಿನಲ್ಲಿ ಜನ ಎಡಗೈಯನ್ನೇ ನೋಡುತ್ತಾರೆ, ಮಾತಾಡುವುದು ಬಲಗೈ. ನನ್ನ ಬಳಿ ಕಲಿತವರಲ್ಲಿ ಸ್ವರ ಚೊಕ್ಕ ಇದ್ದೂ ಕಮಾನು ಸತ್ತಂತಿರುವವರು ಎಷ್ಟೋ ಮಂದಿ. ಡಮಾಮಿ ಬಾರಿಸಿದವನಿಗೆ ಆ ಕಾಯಿಲೆ ಬರುವುದಿಲ್ಲ. ಶುರುವಿಗೆ ದುಬಾರಿ ವಾದ್ಯ ಬೇಡ. ಕುಮಟೆಯ ನಮ್ಮ ಮನೆಯಲ್ಲಿ ಒಂದು ಹಳೆಯ ಪಿಟೀಲು ಸುಮ್ಮನೆ ಗೋಡೆಯ ಮೇಲಿದೆ. ಪತ್ರಿಕೆಯವರಿಗೆ ಒಂದು ಸಾಲು ಬರೆಯಿರಿ, ನನಗೆ ತಲುಪಿಸುತ್ತಾರೆ. ಇದು ದಾನವಲ್ಲ, ಹಳೆಯ ಗೇಣಿ ಬಾಕಿ ಇದೆ ನನ್ನದು.

ಹೊನ್ನಾವರದಿಂದ ಒಬ್ಬ ತಾಯಿ: ಮಗಳ ವಯೊಲಿನ್ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ, ಅಂಟು ಬಿಡುತ್ತದೆ. ಇಂಥದ್ದನ್ನು ಹೊತ್ತು ಹಳ್ಳಿಗೆ ಹೋಗಿ ನುಡಿಸಿ ಅನ್ನುತ್ತೀರಲ್ಲ!

ಬೈಗುಳ ಸ್ವೀಕರಿಸಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ಕರಾವಳಿಯಲ್ಲಿ ಪಿಟೀಲು ಸಾಕುವುದು ಅಂದರೆ ಬಾಣಂತಿಯನ್ನು ನೋಡಿಕೊಂಡ ಹಾಗೆ. ಬಿಟ್ಟದ್ದು ಪ್ರಾಣಿಜನ್ಯ ಅಂಟು, ಬಿಡಲಿಕ್ಕೆಂದೇ ಹಾಕಿರುತ್ತಾರೆ, ಇಲ್ಲದಿದ್ದರೆ ಮರವೇ ಸೀಳುತ್ತದೆ. ದಯವಿಟ್ಟು ಫೆವಿಕಾಲ್ ಹಾಕಬೇಡಿ, ವಾದ್ಯ ರಿಪೇರಿಯವರ ಹತ್ತಿರವೇ ಒಯ್ಯಿರಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ವಾರಕ್ಕೊಮ್ಮೆ ಬದಲಿಸಿ. ನುಡಿಸಿದ ಮೇಲೆ ಕಮಾನಿನ ಕೂದಲು ಸಡಿಲ ಬಿಡಲೇಬೇಕು. ಮುಖ್ಯವಾಗಿ ದಿನಾ ನುಡಿಸಲಿ, ಮುಚ್ಚಿಟ್ಟ ಪೆಟ್ಟಿಗೆಗೇ ಬೂಸ್ಟು ಬರುವುದು. ಹಳ್ಳಿಗೆ ಹೋಗಲು ದೀಪಾವಳಿ ಕಳೆಯಲಿ. ಆಷಾಢದಲ್ಲಿ ಕಿವಿ ಮಾತ್ರ ಒಯ್ದರೆ ಸಾಕು.

ಅಂಕೋಲಾದಿಂದ ಒಬ್ಬ ಶಾಲಾ ಶಿಕ್ಷಕರು: ಶಾಲೆಯ ವಾರ್ಷಿಕೋತ್ಸವಕ್ಕೆ ಇಬ್ಬರು ಮಕ್ಕಳು ವಯೊಲಿನ್, ಮೂವರು ಹಾಲಕ್ಕಿ ಹುಡುಗರು ಗುಮಟೆ. ಧಾಟಿ ನಾವೇ ಕಟ್ಟಿದ್ದು. ಆದರೆ ಗುಮಟೆ ಶ್ರುತಿ ಸೇರುವುದೇ ಇಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು. ಬಿಟ್ಟುಬಿಡೋಣವೇ?

ಬಿಡಬೇಡಿ! ನನಗೆ ಬಂದ ಪತ್ರಗಳಲ್ಲಿ ನಿಮ್ಮದೇ ಅತ್ಯಂತ ಒಳ್ಳೆಯ ಸುದ್ದಿ.

ಗುಮಟೆಯನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಿ. ಮಣ್ಣಿನ ಗಡಿಗೆ, ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿ ತೆರೆದದ್ದು. ಹಿಂದೆ ಉಡದ ಚರ್ಮ ಹಾಕುತ್ತಿದ್ದರು. ವನ್ಯಜೀವಿ ಕಾಯ್ದೆಯಲ್ಲಿ ಉಡ ಕೊಲ್ಲುವುದು ಅಪರಾಧ, ಹಾಗಾಗಿ ಈಗ ಆಡಿನ ಚರ್ಮ. ಬಲಗೈ ಚರ್ಮ ಬಡಿಯುವಾಗ ಎಡಗೈ ಆ ಸಣ್ಣ ಬಾಯಿಯನ್ನು ಮುಚ್ಚಿ ತೆರೆಯುತ್ತಿರುತ್ತದೆ. ಮುಚ್ಚಿದಷ್ಟೂ ಒಳಗಿನ ಗಾಳಿಗೆ ಹೊರಬರುವ ದಾರಿ ಕಿರಿದಾಗಿ ಸದ್ದು ಕೆಳಗಿಳಿಯುತ್ತದೆ, ತೆರೆದಾಗ ಮೇಲೇಳುತ್ತದೆ. ಘುಂ ಅಂತ ಹೊರಟದ್ದು ಘುಮ್ಮಯ್ ಅಂತ ಏರುವುದು ಹಾಗೆ. ಅಂದರೆ ಅದಕ್ಕೆ ಒಂದೇ ಶ್ರುತಿ ಇರಬೇಕು ಅನ್ನುವುದೇ ತಪ್ಪು, ಅದರ ಹುಟ್ಟುಗುಣವೇ ಜಾರುವುದು.

ನಿಮ್ಮ ಮಕ್ಕಳಿಗೆ ಒಂದು ತಮಾಷೆ ತೋರಿಸಿ. ಪಿಟೀಲಿನ ಎದೆಯ ಮೇಲೆ ಇಂಗ್ಲಿಷಿನ ಎಫ್ ಆಕಾರದ ಎರಡು ಕಿಂಡಿ ಇವೆಯಲ್ಲ, ಒಬ್ಬರು ಡಿ ತಂತಿ ಎಳೆಯುತ್ತಿರುವಾಗ ಇನ್ನೊಬ್ಬರು ಒಂದು ಕಿಂಡಿಯನ್ನು ಅಂಗೈಯಿಂದ ಮುಚ್ಚಿ ತೆರೆಯಲಿ. ದನಿಯ ಹೊಟ್ಟೆ ಕಟ್ಟಿ ಬಿಟ್ಟ ಹಾಗಾಗುತ್ತದೆ. ಒಳಗಿನ ಗಾಳಿ ಅನುರಣಿಸುವುದು ಸುಮಾರು 270ರಿಂದ 280 ಹರ್ಟ್ಸ್ ಸುತ್ತ, ಡಿ ತಂತಿಯ ಪಕ್ಕದಲ್ಲೇ, ಅದಕ್ಕೇ ಆ ತಂತಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಗುಮಟೆಯೂ ಪಿಟೀಲೂ ಒಳಗಿನಿಂದ ಒಂದೇ ಜಾತಿ, ಗಾಳಿ ತುಂಬಿದ ಹೊಟ್ಟೆ, ಹೊರಬರಲು ಕಿಂಡಿ. ಇದನ್ನು ನಾನು ಕಂಡುಕೊಂಡದ್ದು ಐವತ್ತು ದಾಟಿದ ಮೇಲೆ. ನಿಮ್ಮ ಮಕ್ಕಳಿಗೆ ಐದನೇ ಕ್ಲಾಸಿನಲ್ಲೇ ಗೊತ್ತಾಗಲಿ.

ಆ ಘುಮ್ಮಯ್ ಪಿಟೀಲಿನಲ್ಲೂ ಬೇಕೆಂದರೆ ಕಮಾನು ಕೆಳಗಿಡಿ. ಜಿ ತಂತಿಯನ್ನು ಬಲಗೈ ಹೆಬ್ಬೆರಳಿನ ಮೆತ್ತನೆಯ ಭಾಗದಿಂದ ಮೀಟಿ, ಸದ್ದು ಸಾಯುವ ಮೊದಲು ಎಡಗೈ ಬೆರಳನ್ನು ಒಂದೂವರೆ ಸ್ವರದಷ್ಟು ಮೇಲಕ್ಕೆ ಜಾರಿಸಿ. ಉಗುರು ತಾಗಿದರೆ ಕೆಟ್ಟಿತು. ಮೂವತ್ತು ವರ್ಷದ ನನ್ನ ಒದ್ದಾಟದಲ್ಲಿ ಗುಮಟೆಗೆ ಹತ್ತಿರ ಹೋದದ್ದು ಇಷ್ಟೇ. ಹುಡುಗರಿಗೆ ಕೇಳಿಸಿದರೆ ‘ಗುಮಟೆಗೆ ಥಂಡಿ ಆದಂಗಿದೆ’ ಅಂದಾರು, ಅನ್ನಲಿ.

ಬೆಳಿಗ್ಗೆ ಒಂದು ಸಂಜೆ ಒಂದು ಆಗುವುದು ಚರ್ಮ ತೇವ ಕುಡಿಯುವುದರಿಂದ. ಸುಗ್ಗಿ ಕಟ್ಟುವವರು ಕುಣಿಯುವ ಮೊದಲು ಅಡಕೆ ಸಿಪ್ಪೆ, ಒಣ ಮಡಲು ಉರಿಸಿ ಗುಮಟೆಯ ಮುಖ ತೋರಿಸುತ್ತಾರೆ. ನೀವೂ ವೇದಿಕೆಯ ಹಿಂದೆ ಒಂದು ಬಾಣಲೆಯಲ್ಲಿ ಕೆಂಡ ಇಟ್ಟುಕೊಳ್ಳಿ, ಹತ್ತಿರ ದೊಡ್ಡವರೊಬ್ಬರು ನಿಂತಿರಲಿ. ಎಷ್ಟು ಕಾಯಿಸಬೇಕೆಂದು ಆ ಮೂವರು ಹುಡುಗರಿಗೇ ಬಿಡಿ, ನಿಮಗಿಂತ ಅವರಿಗೆ ಗೊತ್ತು. ಚರ್ಮ ಎಲ್ಲಿ ನಿಂತಿತೋ ಅಲ್ಲಿಗೆ ಪಿಟೀಲಿನ ಕಿವಿ ತಿರುವಿ ಶ್ರುತಿ ಮಾಡಿ. ಗುಮಟೆಯನ್ನು ಪಿಟೀಲಿಗೆ ಎಳೆಯಬೇಡಿ. ನಿಮ್ಮ ಮಕ್ಕಳ ಪಿಟೀಲು ಅರ್ಧ ಸ್ವರ ಮೇಲೋ ಕೆಳಗೋ ಹೋಗಬೇಕಾದೀತು, ಕೆಳಗೆ ಹೋದರೆ ಏನೂ ಆಗುವುದಿಲ್ಲ. ಮೇಲೆ ಹೋಗುವುದಾದರೆ ಇ ತಂತಿ ಟಣ್ ಅಂತ ಹೋಗಬಹುದು, ಹೆಚ್ಚಿನದೊಂದು ಜೇಬಿನಲ್ಲಿರಲಿ. ಕಾರ್ಯಕ್ರಮ ಯಾವ ದಿನ ಅಂತ ನೀವು ಬರೆದಿಲ್ಲ.